ಊರಿನ ಪಹಣಿ, ಮುಂಬಯಿಯ ಕೋರ್ಟು: ಜಾಮೀನಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಾಮೀನಿಗೆ ಸಂಬಂಧಿಸಿದವು. ಆದ್ದರಿಂದ ಈ ಸಲ ಬೇರೆ ವಿಷಯಗಳನ್ನು ಬದಿಗಿಟ್ಟು ಅವುಗಳಿಗಷ್ಟೇ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿರುವುದರಿಂದ ಕಲಂಗಳ ಸಂಖ್ಯೆ ಬದಲಾಗಿದೆ. ಜಾಮೀನಿನ ಮೂಲ ತತ್ವ ಮಾತ್ರ ಬದಲಾಗಿಲ್ಲ.

ಪ್ರಶ್ನೆ: ನನ್ನ ತಮ್ಮ ಉಪನಗರದ ಹೊಟೇಲೊಂದರಲ್ಲಿ ಒಂಬತ್ತು ವರ್ಷಗಳಿಂದ ಗಲ್ಲಾ ನೋಡಿಕೊಳ್ಳುತ್ತಿದ್ದ. ನಾಲ್ಕು ಲಕ್ಷ ರೂಪಾಯಿ ಲೆಕ್ಕಕ್ಕೆ ಸಿಗುತ್ತಿಲ್ಲವೆಂದು ಮಾಲೀಕರು ದೂರು ಕೊಟ್ಟರು. ಪೊಲೀಸರು ಮೂರು ದಿನ ತಮ್ಮ ವಶದಲ್ಲಿಟ್ಟುಕೊಂಡ ಮೇಲೆ ಈಗ ಅವನು ನ್ಯಾಯಾಂಗ ಬಂಧನದಲ್ಲಿದ್ದಾನೆ. ಅವನು ತಪ್ಪು ಮಾಡಿಲ್ಲವೆಂದು ತೋರಿಸುವ ಲೆಕ್ಕದ ಪುಸ್ತಕಗಳನ್ನು ನಾವು ಒಯ್ದಿದ್ದೆವು. ಮ್ಯಾಜಿಸ್ಟ್ರೇಟರು ಅವನ್ನು ತೆರೆದೂ ನೋಡದೆ ಅರ್ಜಿ ವಜಾ ಮಾಡಿದರು. ಹಾಗಾದರೆ ನ್ಯಾಯಾಲಯ ನೋಡುವುದಾದರೂ ಏನನ್ನು?
— ಓದುಗರು, ಭಾಂಡುಪ್

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಜಾಮೀನಿನ ಹಂತದಲ್ಲಿ ನ್ಯಾಯಾಲಯದ ಮುಂದಿರುವ ಪ್ರಶ್ನೆ ನಿಮ್ಮ ತಮ್ಮ ಹಣ ತೆಗೆದನೋ ಇಲ್ಲವೋ ಎಂಬುದಲ್ಲ. ಅದು ಸಾಕ್ಷ್ಯ ವಿಚಾರಣೆಯ ಕೊನೆಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಈಗಿನ ಪ್ರಶ್ನೆ, ಆ ವಿಚಾರಣೆ ಮುಗಿಯುವ ತನಕ ಅವನನ್ನು ಹೊರಗೆ ಬಿಟ್ಟರೆ ಕರೆದಾಗ ಬರುತ್ತಾನೆಯೇ, ಸಾಕ್ಷಿಗಳ ತಂಟೆಗೆ ಹೋಗದೆ ಇರುತ್ತಾನೆಯೇ, ಅಂಥದೇ ಇನ್ನೊಂದು ಕೃತ್ಯಕ್ಕೆ ಕೈಹಾಕದಿರುತ್ತಾನೆಯೇ ಎಂಬುದು. ಇವುಗಳ ಜೊತೆಗೆ, ಮೇಲ್ನೋಟಕ್ಕೆ ಆರೋಪದಲ್ಲಿ ಹುರುಳಿದೆಯೇ, ಅಪರಾಧ ಎಷ್ಟು ಗಂಭೀರ, ಸಾಬೀತಾದರೆ ಶಿಕ್ಷೆ ಎಷ್ಟು, ಆರೋಪಿಯ ಹಿನ್ನೆಲೆ ಏನು ಎಂಬುದನ್ನೂ ತೂಗಬೇಕೆಂದು ಸುಪ್ರೀಂ ಕೋರ್ಟು 2010ರ ಪ್ರಶಾಂತ ಕುಮಾರ್ ಸರ್ಕಾರ್ ತೀರ್ಪಿನಲ್ಲಿ ಹೇಳಿದೆ. ನೀವು ಒಯ್ದ ಪುಸ್ತಕಗಳನ್ನು ಸಾಲು ಸಾಲಾಗಿ ಪರಿಶೀಲಿಸಿ ಅಭಿಪ್ರಾಯ ಬರೆದರೆ ಅದು ವಿಚಾರಣೆಗೆ ಮುಂಚೆಯೇ ಕೊಟ್ಟ ತೀರ್ಪಿನಂತಾಗುತ್ತದೆ. ನ್ಯಾಯಾಧೀಶರು ಹಿಂಜರಿಯುವುದು ಅದಕ್ಕೇ. ಇಷ್ಟಾದರೂ ಒಂದು ಮಾತು ನಿಜ. ಕಾರಣವೇ ಇಲ್ಲದೆ ಒಂದು ಸಾಲಿನಲ್ಲಿ ಅರ್ಜಿ ವಜಾ ಮಾಡುವುದು ಸರಿಯಲ್ಲ. ಆದೇಶದ ಪ್ರಮಾಣಿತ ಪ್ರತಿ ಪಡೆದು, ಯಾವ ಕಾರಣ ಬರೆದಿದ್ದಾರೆಂದು ಮೊದಲು ಓದಿ. ಮುಂದಿನ ಅರ್ಜಿ ಆ ಕಾರಣಕ್ಕೆ ಉತ್ತರವಾಗಿರಬೇಕು.

ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಎರಡು. ಮೊದಲನೆಯದು, ಸಾಕ್ಷಿಗಳೆಲ್ಲರೂ ಅದೇ ಹೊಟೇಲಿನ ಕೆಲಸಗಾರರು ಮತ್ತು ಆರೋಪಿಯೂ ಅವರೊಂದಿಗೆ ಮಾಲೀಕರು ಕೊಟ್ಟ ಒಂದೇ ಖೋಲಿಯಲ್ಲಿದ್ದವನು ಎಂಬುದು. ಎರಡನೆಯದು ನಮ್ಮವರನ್ನು ವಿಶೇಷವಾಗಿ ಕಾಡುವಂಥದು. ಠಾಣೆಯಲ್ಲಿ ಕಾಯಂ ವಿಳಾಸ ಕೇಳಿದಾಗ, ಇಪ್ಪತ್ತು ವರ್ಷ ಮುಂಬಯಿಯಲ್ಲಿ ಕಳೆದವರೂ ಅಭ್ಯಾಸಬಲದಿಂದ ಕುಂದಾಪುರದ ಅಥವಾ ಸಿಂದಗಿಯ ಮನೆಯ ವಿಳಾಸವನ್ನೇ ಬರೆಸುತ್ತಾರೆ. ಬಂಧನವಾದ ದಿನವೇ ಕೆಲಸವೂ ಖೋಲಿಯೂ ಕೈಬಿಡುವುದರಿಂದ ದಾಖಲೆಯಲ್ಲಿ ಉಳಿಯುವುದು ಆ ಊರಿನ ವಿಳಾಸವೊಂದೇ. ಆಗ ಸರ್ಕಾರಿ ವಕೀಲರು ಎದ್ದುನಿಂತು, ಈತ ಪರರಾಜ್ಯದವನು, ಇಲ್ಲಿ ಇವನಿಗೆ ನೆಲೆಯಿಲ್ಲ, ಬಿಟ್ಟರೆ ಸಿಗುವುದಿಲ್ಲ ಎಂದು ವಾದಿಸುತ್ತಾರೆ. ಆ ವಾದಕ್ಕೆ ಉತ್ತರ ಕೊಡುವ ಕಾಗದ ನಮ್ಮ ಕಡತದಲ್ಲಿ ಇಲ್ಲದಿದ್ದರೆ ನ್ಯಾಯಾಧೀಶರು ಅದನ್ನೇ ನಂಬಬೇಕಾಗುತ್ತದೆ.

ಆದ್ದರಿಂದ ಲೆಕ್ಕದ ಪುಸ್ತಕಗಳಿಗಿಂತ ಮುಂಚೆ ಅವನ ನೆಲೆಯನ್ನು ತೋರಿಸುವ ದಾಖಲೆಗಳನ್ನು ಕೂಡಿಸಿ. ನಿಮ್ಮ ಮನೆಯ ಬಾಡಿಗೆ ಕರಾರು ಅಥವಾ ರೇಷನ್ ಕಾರ್ಡು, ಅವನ ಬ್ಯಾಂಕ್ ಖಾತೆ ಮತ್ತು ಭವಿಷ್ಯನಿಧಿಯ ವಿವರ, ಮಕ್ಕಳಿದ್ದರೆ ಅವರ ಶಾಲೆಯ ಪತ್ರ, ಬಿಡುಗಡೆಯ ನಂತರ ಅವನು ಭಾಂಡುಪಿನಲ್ಲಿ ನಿಮ್ಮೊಂದಿಗೇ ಇರುತ್ತಾನೆಂದು ನೀವು ಮಾಡುವ ಪ್ರಮಾಣಪತ್ರ, ಇಷ್ಟನ್ನೂ ಅರ್ಜಿಗೆ ಲಗತ್ತಿಸಿ. ಹೊಟೇಲಿನ ಕಡೆಗೆ ಹೋಗುವುದಿಲ್ಲ, ಕೆಲಸಗಾರರನ್ನು ಸಂಪರ್ಕಿಸುವುದಿಲ್ಲ, ಠಾಣೆಗೆ ನಿಗದಿತ ದಿನ ಹಾಜರಿ ಹಾಕುತ್ತಾನೆ ಎಂಬ ಷರತ್ತುಗಳನ್ನು ನಿಮ್ಮ ವಕೀಲರೇ ಮುಂದಿಡಲಿ. ಷರತ್ತುಗಳಿಗೂ ಒಂದು ಮಿತಿಯಿದೆ ಎಂಬುದು ಗೊತ್ತಿರಲಿ. ಆರೋಪಿಯು ಸದಾಕಾಲ ಎಲ್ಲಿದ್ದಾನೆಂದು ಪೊಲೀಸರು ಮೊಬೈಲಿನ ನಕ್ಷೆಯಲ್ಲಿ ನೋಡುತ್ತಿರುವಂಥ ಷರತ್ತನ್ನು ವಿಧಿಸಕೂಡದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಿಮ್ಮ ತಮ್ಮನ ಮೇಲಿರುವುದು ನೌಕರನಿಂದ ನಂಬಿಕೆದ್ರೋಹದ ಆರೋಪ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ 4ನೇ ಉಪಕಲಂ ಎಂದು ಪತ್ರದಿಂದ ತಿಳಿಯುತ್ತದೆ. ಇದಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸುವಂತಿಲ್ಲ, ಬಂಧನ ಏಕೆ ಅಗತ್ಯ ಎಂಬುದನ್ನು ಪೊಲೀಸರು ಬರೆದಿಡಬೇಕು, ಮ್ಯಾಜಿಸ್ಟ್ರೇಟರು ಅದನ್ನು ಪರೀಕ್ಷಿಸಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ವಿಧಿಸಿದೆ. ಆ ಕಾರಣಗಳ ದಾಖಲೆ ರಿಮಾಂಡ್ ಕಾಗದಗಳಲ್ಲಿ, ಅಂದರೆ ಅವನನ್ನು ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಕಾಗದಗಳಲ್ಲಿ, ಇದೆಯೇ ಎಂದು ವಕೀಲರಿಂದ ನೋಡಿಸಿ. ಇಲ್ಲದಿದ್ದರೆ ಅದೇ ನಿಮ್ಮ ಬಲವಾದ ವಾದ. ಮುಂದಿನ ಹೆಜ್ಜೆ ಸೆಷನ್ಸ್ ನ್ಯಾಯಾಲಯ. ಅಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 483ನೇ ಕಲಮಿನಡಿ ಅರ್ಜಿ ಹಾಕಲು ಹೊಸ ಸಂಗತಿ ಬೇಕಿಲ್ಲ. ಆದರೆ ಅದೇ ಮ್ಯಾಜಿಸ್ಟ್ರೇಟರ ಬಳಿ ಎರಡನೆಯ ಸಲ ಹೋಗುವುದಾದರೆ ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಬೇಕು. ತನಿಖೆ ಮುಗಿದು ಆರೋಪಪಟ್ಟಿ ಸಲ್ಲಿಕೆಯಾಗುವುದು ಅಂಥ ಬದಲಾವಣೆಯೇ. ಜಾಮೀನು ಅರ್ಜಿಗಳನ್ನು ಸಾಮಾನ್ಯವಾಗಿ ಎರಡು ವಾರಗಳೊಳಗೆ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟು 2022ರ ಸತೇಂದರ್ ಕುಮಾರ್ ಅಂಟಿಲ್ ತೀರ್ಪಿನಲ್ಲಿ ನಿರ್ದೇಶಿಸಿದೆ. ತಾರೀಖಿನ ಮೇಲೆ ತಾರೀಖು ಬೀಳುತ್ತಿದ್ದರೆ ನಿಮ್ಮ ವಕೀಲರು ಅದನ್ನು ವಿನಯದಿಂದಲೇ ನ್ಯಾಯಾಲಯದ ಗಮನಕ್ಕೆ ತರಬಹುದು.

ಪ್ರಶ್ನೆ: ನನ್ನ ಗಂಡನಿಗೆ ಜಾಮೀನು ಸಿಕ್ಕಿ ಐದು ವಾರಗಳಾದವು. ಅವರು ಇನ್ನೂ ಜೈಲಿನಲ್ಲೇ ಇದ್ದಾರೆ. ಇಪ್ಪತ್ತೈದು ಸಾವಿರ ರೂಪಾಯಿಯ ಒಬ್ಬ ಸ್ಥಳೀಯ ಜಾಮೀನುದಾರ ಬೇಕೆಂದು ಆದೇಶದಲ್ಲಿದೆ. ನಾವು ಕಟ್ಟಡ ಕೆಲಸ ಮಾಡುವವರು, ಇಲ್ಲಿ ನಮ್ಮವರಾರಿಗೂ ಸ್ವಂತ ಮನೆಯಿಲ್ಲ. ನನ್ನ ಮಾವನ ಹೆಸರಿನಲ್ಲಿ ಇಂಡಿ ತಾಲ್ಲೂಕಿನಲ್ಲಿ ಮೂರು ಎಕರೆ ಹೊಲವಿದೆ. ಅದರ ಪಹಣಿ ತಂದರೆ, ಕರ್ನಾಟಕದ್ದು, ಕನ್ನಡದಲ್ಲಿದೆ ಎಂದು ಕಚೇರಿಯಲ್ಲಿ ವಾಪಸು ಕೊಟ್ಟರು. ಕೋರ್ಟಿನ ಹೊರಗೆ ಒಬ್ಬರು ಎಂಟು ಸಾವಿರ ಕೊಟ್ಟರೆ ಜಾಮೀನುದಾರನನ್ನು ತಾವೇ ತರುತ್ತೇವೆ ಎನ್ನುತ್ತಿದ್ದಾರೆ. ಕೊಡಲೇ?
— ಓದುಗರು, ಕುರ್ಲಾ

ಉತ್ತರ: ದಯವಿಟ್ಟು ಕೊಡಬೇಡಿ. ಅಂಥವರು ತರುವ ಜಾಮೀನುದಾರನ ರೇಷನ್ ಕಾರ್ಡೂ ತೆರಿಗೆ ರಸೀತಿಯೂ ಎಷ್ಟೋ ಸಲ ನಕಲಿಯಾಗಿರುತ್ತವೆ. ಪರಿಶೀಲನೆಯಲ್ಲಿ ಅದು ಬಯಲಾದರೆ ನಿಮ್ಮ ಗಂಡನ ಜಾಮೀನು ರದ್ದಾಗುವುದಲ್ಲದೆ ನಿಮ್ಮ ಮೇಲೆಯೇ ಹೊಸ ಪ್ರಕರಣ ದಾಖಲಾಗಬಹುದು. ಜಾಮೀನುದಾರನಾಗುವವನು ತಾನು ಈಗಾಗಲೇ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನು ನ್ಯಾಯಾಲಯಕ್ಕೆ ಘೋಷಿಸಬೇಕೆಂಬ ನಿಯಮವಿದೆ. ಹಣಕ್ಕಾಗಿ ಹತ್ತಾರು ಜನರಿಗೆ ನಿಲ್ಲುವವನು ಅಲ್ಲಿಯೇ ಸುಳ್ಳು ಹೇಳಿರುತ್ತಾನೆ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಬಿಡುಗಡೆಗೆ ಅರ್ಹನೆಂದು ನ್ಯಾಯಾಲಯವೇ ಹೇಳಿದ ಮನುಷ್ಯ ಒಂದು ಕಾಗದದ ಭಾಷೆಯ ಕಾರಣಕ್ಕೆ ಒಳಗೇ ಉಳಿಯುವುದು ದೊಡ್ಡ ಅನ್ಯಾಯ, ಮತ್ತು ಇದು ಹೊಸದಲ್ಲ. 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರೊಬ್ಬರು ಅವರಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಅವರ ಅಣ್ಣತಮ್ಮಂದಿರಲ್ಲೊಬ್ಬರು ಜಾಮೀನು ನಿಲ್ಲಲು ಬಂದಾಗ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ನಿರಾಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಮ್ಮ ತೀರ್ಪಿನಲ್ಲಿ ನಮ್ಮ ಹೆಸರನ್ನೇ ಎತ್ತಿ ಕೇಳಿದರು: ಒಬ್ಬ ಮಲಯಾಳಿಯನ್ನೋ ಕನ್ನಡಿಗನನ್ನೋ ತಮಿಳನನ್ನೋ ಬಸ್ತರಿನಲ್ಲಿ ಅಥವಾ ಚಾಂದನಿ ಚೌಕದಲ್ಲಿ ಬಂಧಿಸಿದರೆ, ಅಷ್ಟು ದೂರದ ಜಾಗದಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಅವನು ಎಲ್ಲಿಂದ ತರಬೇಕು? ಬೇರೆ ಜಿಲ್ಲೆಯ ಜಾಮೀನುದಾರ ಬೇಡವೆಂದು ಯಾವ ಕಾನೂನು ಹೇಳುತ್ತದೆ? ಕೊನೆಗೆ ಆ ಕಾರ್ಮಿಕರನ್ನು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಜಾಮೀನುದಾರನಿಲ್ಲದೆ ತಾವೇ ಬರೆದುಕೊಡುವ ಕರಾರಿನ ಮೇಲೆ, ಬಿಡಬೇಕೆಂದು ಆದೇಶವಾಯಿತು. ಆ ತೀರ್ಪು ಇಂದಿಗೂ ಜೀವಂತ ಕಾನೂನು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಇದೇ ವಿಷಯವನ್ನು ಎತ್ತಿಕೊಂಡು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬಿಡುಗಡೆ ತಡವಾಗಲು ಒಂದು ಕಾರಣವೆಂದೂ ಅಂಥ ಷರತ್ತನ್ನು ವಿಧಿಸದಿರಬಹುದೆಂದೂ ಕೆಳ ನ್ಯಾಯಾಲಯಗಳಿಗೆ ಸೂಚಿಸಿತು. ಜಾಮೀನು ಸಿಕ್ಕಿ ಒಂದು ತಿಂಗಳೊಳಗೆ ಮುಚ್ಚಳಿಕೆ ಸಲ್ಲಿಸಲಾಗದಿದ್ದರೆ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದೆಂದೂ ಅದೇ ಆದೇಶದಲ್ಲಿದೆ. ನಿಮಗೆ ಐದು ವಾರಗಳಾಗಿವೆ.

ನೀವು ಮಾಡಬೇಕಾದದ್ದು ಇಷ್ಟು. ಷರತ್ತನ್ನು ಬದಲಿಸಬೇಕೆಂದು ಜಾಮೀನು ಕೊಟ್ಟ ನ್ಯಾಯಾಲಯಕ್ಕೇ ಅರ್ಜಿ ಹಾಕಿಸಿ, ಈ ಎರಡು ಆದೇಶಗಳನ್ನು ಅದರಲ್ಲಿ ಉಲ್ಲೇಖಿಸಲು ಹೇಳಿ. ಜಾಮೀನುದಾರನ ಬದಲು ಒಂದು ಮೊತ್ತವನ್ನು ನಗದಾಗಿ ಕಟ್ಟಿ ಬಿಡುಗಡೆ ಪಡೆದು, ಕೆಲವು ವಾರಗಳಲ್ಲಿ ಜಾಮೀನುದಾರನನ್ನು ಒದಗಿಸಲು ಅವಕಾಶ ಕೇಳುವುದು ಮುಂಬಯಿಯ ನ್ಯಾಯಾಲಯಗಳಲ್ಲಿ ರೂಢಿಯಲ್ಲಿದೆ. ಕಟ್ಟಿದ ಹಣ ಪ್ರಕರಣ ಮುಗಿದ ಮೇಲೆ ಮರಳಿ ಸಿಗುತ್ತದೆ, ರಸೀತಿಯನ್ನು ಜೋಪಾನವಾಗಿಡಿ. ಮೊತ್ತವೇ ಹೆಚ್ಚಾಯಿತೆಂದಾದರೆ, ಅದು ವಿಪರೀತವಾಗಿರಬಾರದೆಂದು 484ನೇ ಕಲಂ ಹೇಳುತ್ತದೆ ಮತ್ತು ತಗ್ಗಿಸುವ ಅಧಿಕಾರ ಸೆಷನ್ಸ್ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಇದೆ. ಪಹಣಿಯನ್ನು ಎಸೆಯಬೇಡಿ. ಅದರ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿ, ಇಂಡಿಯ ತಹಶೀಲ್ದಾರರಿಂದ ಆಸ್ತಿಯ ಮೌಲ್ಯದ ಪ್ರಮಾಣಪತ್ರ ಪಡೆದು, ನಿಮ್ಮ ಮಾವನವರನ್ನೇ ಕರೆತನ್ನಿ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ನಿರಾಕರಿಸಿದ್ದನ್ನು ನ್ಯಾಯಾಧೀಶರ ಮುಂದಿಟ್ಟು ಲಿಖಿತ ಆದೇಶ ಕೇಳಬೇಕು.

ವಕೀಲರ ಶುಲ್ಕದ ಚಿಂತೆ ಬೇಡ. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಮತ್ತು ಯಾವುದೇ ಮಹಿಳೆಗೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. 15100 ಎಂಬ ದೂರವಾಣಿಗೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ. ಜಾಮೀನು ಸಿಕ್ಕಿಯೂ ಏಳು ದಿನಗಳಲ್ಲಿ ಬಿಡುಗಡೆಯಾಗದ ಕೈದಿಯ ವಿಷಯವನ್ನು ಜೈಲಿನ ಅಧೀಕ್ಷಕರು ಆ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಬಡ ಕೈದಿಗಳ ನೆರವಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ವಿಚಾರಣಾಧೀನ ಕೈದಿಯ ಜಾಮೀನಿನ ಮೊತ್ತಕ್ಕೆ ಸಹಾಯ ದೊರೆಯುವ ಅವಕಾಶವಿದೆ. ಅದನ್ನೂ ಅಲ್ಲಿಯೇ ವಿಚಾರಿಸಿ.

ಪ್ರಶ್ನೆ: ವಂಚನೆ ಪ್ರಕರಣದಲ್ಲಿ ಅಣ್ಣನ ಮಗ ತಳೋಜಾ ಜೈಲಿನಲ್ಲಿ 56 ದಿನಗಳಿಂದ ಇದ್ದಾನೆ. ಆರೋಪಪಟ್ಟಿ ಇನ್ನೂ ಬಂದಿಲ್ಲ. 60 ದಿನ ದಾಟಿದರೆ ತಾನಾಗಿಯೇ ಬಿಡುಗಡೆಯಾಗುತ್ತಾನೆಯೇ?
— ಓದುಗರು, ಡೊಂಬಿವಲಿ

ಉತ್ತರ: ಇವರ ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ಉತ್ತರಿಸಿದ್ದೇನೆ, ಏಕೆಂದರೆ ಇದರಲ್ಲಿ ಒಂದು ದಿನದ ವಿಳಂಬವೂ ಹಾನಿಕರ. ಇತರರ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತೇನೆ. ತಾನಾಗಿಯೇ ಬಿಡುಗಡೆಯಾಗುವುದಿಲ್ಲ, ಅರ್ಜಿ ಹಾಕಲೇಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನಗಳೊಳಗೆ ತನಿಖೆ ಮುಗಿಯದಿದ್ದರೆ, ಜಾಮೀನು ಪಡೆಯುವುದು ಆರೋಪಿಯ ಹಕ್ಕಾಗುತ್ತದೆಂದು 187ನೇ ಕಲಂ ಹೇಳುತ್ತದೆ. ಇಲ್ಲಿ ಅಪರಾಧದ ಗಾಂಭೀರ್ಯವನ್ನಾಗಲಿ, ಓಡಿಹೋಗುವ ಭಯವನ್ನಾಗಲಿ ನ್ಯಾಯಾಲಯ ತೂಗುವಂತಿಲ್ಲ. ಆದರೆ ಗಡುವು ಮುಗಿದ ಮೇಲೆ ನೀವು ಅರ್ಜಿ ಹಾಕುವ ಮುನ್ನವೇ ಆರೋಪಪಟ್ಟಿ ಸಲ್ಲಿಕೆಯಾಗಿಬಿಟ್ಟರೆ ಈ ಹಕ್ಕು ಕೈತಪ್ಪುತ್ತದೆ. ನೀವು ಅರ್ಜಿ ಹಾಕಿದ ಮೇಲೆ ಅವರು ಆತುರದಿಂದ ಸಲ್ಲಿಸಿದರೆ ತಪ್ಪುವುದಿಲ್ಲ. ದಿನಗಳನ್ನು ಬಂಧನದ ತಾರೀಖಿನಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮಾಂಡ್ ಕೊಟ್ಟ ದಿನದಿಂದ, ಆ ದಿನವನ್ನೂ ಸೇರಿಸಿ ಎಣಿಸಬೇಕು. ಈ ಲೆಕ್ಕದಲ್ಲಿ ಎಡವಿ ಅವಕಾಶ ಕಳೆದುಕೊಂಡ ಮನೆಯವರನ್ನು ನಾನು ಕಂಡಿದ್ದೇನೆ, ಆದ್ದರಿಂದ ರಿಮಾಂಡ್ ಆದೇಶದ ಪ್ರತಿಯನ್ನು ಮುಂದಿಟ್ಟುಕೊಂಡೇ ಎಣಿಸಿ.

ಇದು ತಪ್ಪಿದರೂ ಇನ್ನೊಂದು ದಾರಿಯಿದೆ. ಹಿಂದೆ ಎಂದೂ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗಿರದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು, ಇತರರು ಅರ್ಧ ಭಾಗವನ್ನು ಒಳಗೇ ಕಳೆದಿದ್ದರೆ 479ನೇ ಕಲಮಿನಡಿ ಬಿಡುಗಡೆಗೆ ಅರ್ಹರು. ಏಳು ವರ್ಷದ ಅಪರಾಧವಾದರೆ ಮೂರನೆಯ ಒಂದು ಎಂದರೆ ಎರಡು ವರ್ಷ ನಾಲ್ಕು ತಿಂಗಳು. ಮರಣದಂಡನೆ ಅಥವಾ ಜೀವಾವಧಿಯ ಪ್ರಕರಣಗಳಿಗೆ, ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಸೊಸೈಟಿಯ ಜಗಳದಲ್ಲಿ ನನ್ನ ಮೇಲೆ ದೂರಾಗಿದೆ. ಅದು ಜಾಮೀನು ಕೊಡಲೇಬೇಕಾದ ಅಪರಾಧವಂತೆ. ಅದಕ್ಕೂ ಕೋರ್ಟಿಗೆ ಅರ್ಜಿ ಹಾಕಬೇಕೇ?
— ಓದುಗರು, ಮುಲುಂಡ್

ಉತ್ತರ: ಬೇಡ. ಅಂಥ ಅಪರಾಧಗಳಲ್ಲಿ ಠಾಣೆಯ ಅಧಿಕಾರಿಯೇ ಮುಚ್ಚಳಿಕೆ ಪಡೆದು ಬಿಡಬೇಕು. ಅದು ಅವರ ಕೃಪೆಯಲ್ಲ, 478ನೇ ಕಲಂ ನಿಮಗೆ ಕೊಟ್ಟ ಹಕ್ಕು. ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದೂ ಅದರಲ್ಲಿದೆ.

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಊರಿನ ಆಸ್ತಿ ವ್ಯಾಜ್ಯದಲ್ಲಿ ದಾಯಾದಿಗಳು ಬೆಳಗಾವಿ ಜಿಲ್ಲೆಯ ಠಾಣೆಯೊಂದರಲ್ಲಿ ನನ್ನ ಮೇಲೆ ಫೋರ್ಜರಿ ದೂರು ಕೊಟ್ಟಿದ್ದಾರೆ. ಅಲ್ಲಿಗೆ ಹೋಗುವ ದಾರಿಯಲ್ಲೇ ಬಂಧಿಸಿಬಿಟ್ಟರೆ ಎಂಬ ಭಯ. ನಿರೀಕ್ಷಣಾ ಜಾಮೀನನ್ನು ಪುಣೆಯಲ್ಲಿ ಕೇಳಬಹುದೇ?
— ಓದುಗರು, ಪಿಂಪ್ರಿ

ಉತ್ತರ: ಪೂರ್ಣ ಪ್ರಮಾಣದ ನಿರೀಕ್ಷಣಾ ಜಾಮೀನನ್ನು ದೂರು ದಾಖಲಾದ ಪ್ರದೇಶದ ಸೆಷನ್ಸ್ ನ್ಯಾಯಾಲಯದಲ್ಲಿ ಅಥವಾ ಕರ್ನಾಟಕ ಹೈಕೋರ್ಟಿನಲ್ಲಿ ಕೇಳಬೇಕು. ಆದರೆ ಅಲ್ಲಿಗೆ ತಲುಪುವವರೆಗಿನ ರಕ್ಷಣೆಯನ್ನು, ಅಂದರೆ ಕೆಲವೇ ವಾರಗಳ ಮಿತಿಯ ಜಾಮೀನನ್ನು, ನೀವು ವಾಸವಿರುವ ಕಡೆಯ ಸೆಷನ್ಸ್ ನ್ಯಾಯಾಲಯ ಅಥವಾ ಬಾಂಬೆ ಹೈಕೋರ್ಟು ಕೊಡಬಹುದು. 2023ರ ನವೆಂಬರಿನಲ್ಲಿ ಪ್ರಿಯಾ ಇಂದೋರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ರಾಜಸ್ಥಾನದಲ್ಲಿ ದೂರು ದಾಖಲಾಗಿ ಬೆಂಗಳೂರಿನ ನ್ಯಾಯಾಲಯ ಜಾಮೀನು ಕೊಟ್ಟಿದ್ದ ಸಂದರ್ಭ ಅದು. ನೀವು ನಿಜವಾಗಿಯೂ ಪುಣೆಯ ನಿವಾಸಿ, ಅನುಕೂಲದ ನ್ಯಾಯಾಲಯವನ್ನು ಹುಡುಕಿಕೊಂಡು ಬಂದವರಲ್ಲ ಎಂಬುದನ್ನು ತೋರಿಸುವ ಹದಿನಾಲ್ಕು ವರ್ಷಗಳ ಕಾಗದಪತ್ರ ಇಲ್ಲಿಯೂ ಬೇಕು. ಈ ನಡುವೆ ಹಾಜರಾಗಲು ಪೊಲೀಸರಿಂದ ನೋಟಿಸು ಬಂದರೆ ಅದನ್ನು ಪಡೆಯದೆ ತಪ್ಪಿಸಿಕೊಳ್ಳಬೇಡಿ. ನೋಟಿಸಿಗೆ ಓಗೊಟ್ಟು ಹಾಜರಾಗುತ್ತಿರುವವನನ್ನು ವಿಶೇಷ ಕಾರಣ ಬರೆಯದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡವನ ನಡತೆಯಾದರೋ ಮುಂದೆ ಪ್ರತಿ ಅರ್ಜಿಯಲ್ಲೂ ಅವನ ವಿರುದ್ಧ ನಿಲ್ಲುತ್ತದೆ.

ಪ್ರಶ್ನೆ: ನನ್ನ ಮಗನನ್ನು ಹೊಡೆದು ಕೈಮುರಿದವನಿಗೆ ಇಪ್ಪತ್ತು ದಿನಗಳಲ್ಲಿ ಜಾಮೀನು ಸಿಕ್ಕಿತು. ಈಗ ಅವನು ನಮ್ಮ ಚಾಳಿನ ಎದುರೇ ಓಡಾಡುತ್ತ, ಸಾಕ್ಷಿ ಹೇಳಿದರೆ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಕೋರ್ಟು ಅವನನ್ನು ಬಿಟ್ಟುಬಿಟ್ಟಿತು ಎಂದೇ ಎಲ್ಲರೂ ಹೇಳುತ್ತಾರೆ. ನಮ್ಮ ಮಾತು ಕೇಳುವವರು ಯಾರೂ ಇಲ್ಲವೇ?
— ಓದುಗರು, ಕಲ್ಯಾಣ್

ಉತ್ತರ: ತಾಯಿ, ಪ್ರಕರಣದಿಂದ ಅವನ ಬಿಡುಗಡೆಯಾಗಿಲ್ಲ, ಜಾಮೀನಾಗಿದೆ. ಆರೋಪ ಹಾಗೆಯೇ ಇದೆ, ವಿಚಾರಣೆ ನಡೆಯುತ್ತದೆ, ಸಾಬೀತಾದರೆ ಶಿಕ್ಷೆಯೂ ಆಗುತ್ತದೆ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನೀವೂ ಓದಬೇಕೆಂದು ಕೋರುತ್ತೇನೆ. ಸಾಕ್ಷಿಗಳ ತಂಟೆಗೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೆಯೇ ಅವನು ಹೊರಗಿದ್ದಾನೆ. ಅದನ್ನು ಮುರಿದರೆ ಹೊರಗಿರುವ ಅರ್ಹತೆಯನ್ನೂ ಕಳೆದುಕೊಳ್ಳುತ್ತಾನೆ. ಜಾಮೀನನ್ನು ಒಮ್ಮೆ ಕೊಟ್ಟ ಮೇಲೆ ಸುಮ್ಮನೆ ರದ್ದು ಮಾಡುವುದಿಲ್ಲ, ಗಟ್ಟಿಯಾದ ಕಾರಣ ಬೇಕು. ಸಾಕ್ಷಿಗಳನ್ನು ಬೆದರಿಸುವುದು ಅಂಥ ಕಾರಣಗಳಲ್ಲಿ ಮುಖ್ಯವಾದದ್ದು.

ಆದರೆ ಬೆದರಿಕೆ ಕಾಗದದ ಮೇಲೆ ಬರಬೇಕು. ಅವನು ಯಾವ ದಿನ, ಎಷ್ಟು ಗಂಟೆಗೆ, ಯಾರ ಎದುರು, ಯಾವ ಮಾತು ಹೇಳಿದ ಎಂಬುದನ್ನು ಅಂದಂದೇ ಬರೆದಿಡಿ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯಿರಿ. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು ನ್ಯಾಯ ಸಂಹಿತೆಯ 232ನೇ ಕಲಮಿನಡಿ ಬೇರೆಯದೇ ಅಪರಾಧ. ಚಾಳಿನ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಅಳಿಸಿಹೋಗುವ ಮೊದಲೇ ಉಳಿಸಿಕೊಡಲು ಕೇಳಿ. ಇಷ್ಟನ್ನು ಕೂಡಿಸಿಕೊಂಡು ಸರ್ಕಾರಿ ವಕೀಲರ ಮೂಲಕ, ಅವರು ತಡಮಾಡಿದರೆ ನಿಮ್ಮದೇ ವಕೀಲರ ಮೂಲಕ, ಜಾಮೀನು ರದ್ದತಿಗೆ ಅರ್ಜಿ ಹಾಕಬಹುದು. ಪ್ರಕರಣದ ಪ್ರತಿ ಹಂತದಲ್ಲೂ, ಜಾಮೀನಿನ ಹಂತದಲ್ಲೂ ಸಹ, ನೊಂದವರ ಮಾತನ್ನು ಕೇಳಬೇಕು, ಅದು ಅವರ ಹಕ್ಕು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಜಗಜೀತ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅವನಿಗೆ ಜಾಮೀನು ಕೊಟ್ಟ ಆದೇಶದ ಪ್ರತಿಯನ್ನು ಮೊದಲು ತರಿಸಿಕೊಳ್ಳಿ. ನಿಮ್ಮ ವಸತಿಯ ಸುತ್ತ ಸುಳಿಯಬಾರದೆಂಬ ಷರತ್ತು ಅದರಲ್ಲಿ ಈಗಾಗಲೇ ಇದ್ದರೆ, ಅವನು ಎದುರಿನ ರಸ್ತೆಯಲ್ಲಿ ನಿಂತದ್ದಷ್ಟೇ ಸಾಕು, ಬಾಯಿಬಿಟ್ಟು ಬೆದರಿಸಿದ್ದನ್ನು ಬೇರೆಯಾಗಿ ಸಾಬೀತುಪಡಿಸುವ ತನಕ ನೀವು ಕಾಯಬೇಕಿಲ್ಲ.